ಮಾಸ್ತರ ಮನೆಯ ನೆಟ್ಟು

ಹನ್ನೊಂದಕ್ಕೆ ಇನ್ನು ನಲವತ್ತು ನಿಮಿಷ ಇರುವಾಗ ಫಕ್ಕೀರೇಶನ ಮನೆಯ ನೆಟ್ಟು ಹೋಯಿತು. ಹನ್ನೊಂದಕ್ಕೆ ಸರಿಯಾಗಿ ಅವನ ಹೆಂಡತಿ ನೀಲಾ ಕಂಪ್ಯೂಟರಿನ ಮುಂದೆ ಕೂತು ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದರವರ ಜೊತೆ ವಿಡಿಯೊದಲ್ಲಿ ಮಾತಾಡಬೇಕಿತ್ತು. ಅವಳೂ ಓಣಿಯ ಐದು ಹೆಂಗಸರೂ ಸೇರಿ ಬಡಿಯುವ ಖಡಕ್ ರೊಟ್ಟಿಯನ್ನು ಅವರು ಕೊಳ್ಳುವುದೋ ಬಿಡುವುದೋ ಇವತ್ತೇ ತೀರ್ಮಾನ. ಮೊಬೈಲಿನ ಸಿಗ್ನಲ್ ಆ ಓಣಿಯಲ್ಲಿ ಮಾತಿಗೆ ಸಾಲುತ್ತದೆ, ವಿಡಿಯೊಕ್ಕೆ ಸಾಲದು.

ಆ ಐವರಲ್ಲಿ ಒಬ್ಬಳಾದ ಪಕ್ಕದ ಮನೆಯ ದಿಲ್ಶಾದ ಬಾಗಿಲಿಗೆ ಬಂದು, ತಮ್ಮಲ್ಲೂ ನೆಟ್ಟಿಲ್ಲ, ಕೇಬಲ್ಲಿನ ಖಾದರಸಾಬನಿಗೆ ಫೋನು ಮಾಡೋಣವೇ ಎಂದಳು. ಫಕ್ಕೀರೇಶನಿಗೆ ಅದು ಹಿಡಿಸಲಿಲ್ಲ. ಸವಣೂರಿನಲ್ಲಿ ಹದಿನಾರು ವರ್ಷದಿಂದ ಕಂಪ್ಯೂಟರ್ ಕ್ಲಾಸು ನಡೆಸುವವನು ತಾನು. ಖಾದರಸಾಬನೂ ತನ್ನ ಹತ್ತಿರವೇ ಕಲಿತವನು. ಶಿಷ್ಯನನ್ನು ಕರೆಸಿ ಗುರುವಿನ ಮನೆಯ ನೆಟ್ಟಿನ ಬಾಕ್ಸು ತೋರಿಸುವುದೇ?

"ನಾ ಅದೀನಲ್ಲ," ಎಂದ.

ಗೋಡೆಯ ಮೇಲಿನ ಬಾಕ್ಸಿನಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಆರಿಸಿ ಹಚ್ಚಿದ. ವಾಯರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಕಂಪ್ಯೂಟರಿನಲ್ಲಿ ತನಗೆ ಗೊತ್ತಿದ್ದುದನ್ನೆಲ್ಲ ತೆರೆದು ನೋಡಿದ. ಗೊತ್ತಿಲ್ಲದ್ದನ್ನೂ ತೆರೆದು ಗೊತ್ತಿದ್ದವನ ಹಾಗೆ ಹೂಂಗುಟ್ಟಿದ, ಏಕೆಂದರೆ ನೀಲಾ ಹಿಂದೆಯೇ ನಿಂತಿದ್ದಳು. ಕೊನೆಗೆ ಅವಳ ಸೆರಗಿನ ಪಿನ್ನು ಇಸಿದುಕೊಂಡು ಬಾಕ್ಸಿನ ಹಿಂದಿನ ಸಣ್ಣ ತೂತಿಗೆ ಚುಚ್ಚಿ, ಹತ್ತು ಎಣಿಸುವ ತನಕ ಒತ್ತಿ ಹಿಡಿದ. ದೀಪಗಳೆಲ್ಲ ಆರಿದವು, ಮತ್ತೆ ಹೊತ್ತಿದವು, ಕೆಂಪು ಹೋಗಿ ಹಸಿರಾಯಿತು. ಆಪರೇಷನ್ ಮುಗಿಸಿದ ಡಾಕ್ಟರನಂತೆ ಅವನು ಪಿನ್ನನ್ನು ಅವಳ ಕೈಗಿಟ್ಟ.

ಅಷ್ಟಾದರೂ ಪರದೆಯ ಮೇಲೆ ಏನೂ ಬರಲಿಲ್ಲ. ಅದೇ ಹೊತ್ತಿಗೆ ಖಾದರಸಾಬನೇ ಫೋನು ಮಾಡಿದ. ಬಸ್‌ಸ್ಟ್ಯಾಂಡಿನ ಹತ್ತಿರ ಜೆಸಿಬಿ ನೆಲ ಅಗೆಯುವಾಗ ಲೈನು ತುಂಡಾಗಿತ್ತಂತೆ, ಈಗ ಜೋಡಿಸಿದ್ದಾನಂತೆ, ಓಣಿಯ ಎಲ್ಲ ಮನೆಗೂ ನೆಟ್ಟು ಬಂದಿದೆಯಂತೆ. ಅಂದರೆ ಹಸಿರು ದೀಪ ಹಚ್ಚಿದ್ದು ಪಿನ್ನಲ್ಲ. ಹಾಗಾದರೆ ಪಿನ್ನು ಮಾಡಿದ್ದೇನು? ಫಕ್ಕೀರೇಶ ದನಿ ತಗ್ಗಿಸಿ, ತನ್ನ ಮನೆಗೆ ಮಾತ್ರ ಬಂದಿಲ್ಲ ಎಂದ.

ಖಾದರಸಾಬನೂ ದನಿ ತಗ್ಗಿಸಿದ.

"ಸರ, ಹಿಂದಿನ ತೂತಿನ್ಯಾಗ ಪಿನ್ನೇನರ ಚುಚ್ಚೀರೇನ್ರಿ?"

"ಸ್ವಲ್ಪ," ಎಂದ ಫಕ್ಕೀರೇಶ.

ಒಳಗಿದ್ದ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿದೆ, ತಾನೇ ಬಂದು ಮೊದಲಿನಿಂದ ಹಾಕಿಕೊಡಬೇಕು, ಬರುವುದು ಮಧ್ಯಾಹ್ನವಾಗುತ್ತದೆ ಎಂದು ಖಾದರಸಾಬ ಬಹಳ ಮರ್ಯಾದೆಯಿಂದ ಹೇಳಿದ. ಆ ಮರ್ಯಾದೆಯೇ ಹೆಚ್ಚು ನಾಟಿತು. ಕೈ ಕಟ್ಟಿ ಸುಮ್ಮನೆ ಕೂತಿದ್ದರೆ ನೆಟ್ಟು ತಾನಾಗಿ ಬರುತ್ತಿತ್ತು. ಹದಿನಾರು ವರ್ಷದ ವಿದ್ಯೆ ಅವನಿಗೆ ಅದೊಂದನ್ನು ಕಲಿಸಿರಲಿಲ್ಲ. ತಿರುಗಿ ನೋಡಿದರೆ ನೀಲಾ ಅಲ್ಲಿರಲಿಲ್ಲ. ರೊಟ್ಟಿಯ ಕಟ್ಟು ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ, ಅಲ್ಲಿ ಮರಳಿ ಬಂದಿದ್ದ ನೆಟ್ಟಿಗೆ ಜೋಡಿಸಿದ ದಿಲ್ಶಾದಳ ಮೊಬೈಲಿನ ಮುಂದೆ ಕೂತಾಗಿತ್ತು.

ಅರ್ಧ ತಾಸು ಅವನು ಕಟ್ಟೆಯ ಮೇಲೆ ಕೂತು ಗೋಡೆಯಾಚೆಯ ಅವಳ ದನಿಗೆ ಕಿವಿಗೊಟ್ಟ. ಒಮ್ಮೆ ಎಲ್ಲರೂ ನಕ್ಕರು. ತನ್ನ ಬಗ್ಗೆಯೇ ಇರಬೇಕು ಅಂದುಕೊಂಡ, ನಗುವುದು ನ್ಯಾಯವೇ ಎಂದೂ ಅಂದುಕೊಂಡ. ಹೊರಬಂದಾಗ ನೀಲಾಳ ಮುಖ ಅರಳಿತ್ತು. ಮುಂದಿನ ತಿಂಗಳಿಂದ ವಾರಕ್ಕೆ ಎರಡು ಸಾವಿರ ರೊಟ್ಟಿ ಕೇಳಿದ್ದಾರೆ ಎಂದಳು. ಅವನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು.

"ಆರ್ಡರೆಲ್ಲಾ ನೆಟ್ಟಿನ್ಯಾಗ ಬರ್ತಾವಂತ. ಕಂಪ್ಯೂಟರ್ ಯಾರು ನೋಡ್ಕೋತಾರ ಅಂತ ಕೇಳಿದ್ರು. ನಿಮ್ಮ ಹೆಸರ ಹೇಳೇನಿ."

ಫಕ್ಕೀರೇಶ ನಿಧಾನಕ್ಕೆ ತಲೆ ಎತ್ತಿದ.

"ಇನ್ನ ಒಂದ ತಿಂಗಳ ಟೈಮ್ ಐತಿ," ಎಂದಳು ನೀಲಾ. "ಅಷ್ಟ್ರಾಗ ಕಲ್ತಬಿಡ್ರಿ."