ಹೈಸ್ಕೂಲಿನ ಹಿಂದಿನ ಚೌಡಿ

ಜೆಸಿಬಿ ಗುಡುಗುತ್ತಲೇ ಇತ್ತು. ಬಕೆಟ್ ಮಾತ್ರ ಪೊದೆಯ ಮೇಲೆ ಗಾಳಿಯಲ್ಲೇ ನಿಂತಿತ್ತು.

“ಶಾಲೆ ಶುರುವಾಗೋದ್ರೊಳಗೆ ಹೆಣ್ಮಕ್ಕಳ ಶೌಚಾಲಯ ಆಗ್ಬೇಕು ಮಾರಾಯ, ಅಗಿ!” ಹೆಡ್‌ಮಾಸ್ತರರು ಚಡಪಡಿಸಿದರು.

“ನೀವೇ ಅಗೀರಿ ಸಾರ್. ಈ ಪೊದೇಲಿ ಚೌಡಿ ಇದ್ದಾಳೆ, ಮುಟ್ಟಿದ್ರೆ ರಕ್ತ ಕಾರಿಸ್ತಾಳೆ. ನಾನಿಲ್ಲಿ ಓದುವಾಗ ಶೇಷಮ್ಮ ಟೀಚರೇ ಹೇಳಿದ್ದು,” ಎಂದ ಡ್ರೈವರ್ ಬೈರಪ್ಪ.

ನಿವೃತ್ತರಾಗಿದ್ದ ಶೇಷಮ್ಮ ನೋಡಲು ನೆರೆದಿದ್ದ ಗುಂಪಿನಿಂದ ಹೊರಬಂದು, ಚಪ್ಪಲಿ ಮೆಟ್ಟಿಕೊಂಡೇ ಪೊದೆಯೊಳಗೆ ನುಗ್ಗಿದರು. ಬೈರಪ್ಪ ಕಣ್ಣು ಮುಚ್ಚಿಕೊಂಡ.

“ಎಂತ ಚೌಡಿಯೋ! ಆಗ ಶೌಚಾಲಯ ಇರ್ಲಿಲ್ಲ, ಹೆಣ್ಮಕ್ಕಳು ಇಲ್ಲಿಗೇ ಬರ್ತಿದ್ರು. ನೀವು ಹುಡುಗರು ಈ ಕಡೆ ಸುಳೀಬಾರದು ಅಂತ ನಾನೇ ಕಟ್ಟಿದ ಕಥೆ ಅದು.”

ಬೈರಪ್ಪ ಕಣ್ಣು ತೆರೆದು ಪೊದೆಯನ್ನೇ ನೋಡಿದ. ಅವನ ಅಕ್ಕನೂ ಇದೇ ಶಾಲೆಯಲ್ಲಿ ಓದಿದ್ದಳು.

“ಈಚೆ ಬನ್ನಿ ಟೀಚರ್,” ಎಂದು ಬಕೆಟ್ ಇಳಿಸಿದ.