ಜೋಡಿ ಅರ್ಜಿ

"ತಗೊಂಡ್ರೆ ಇಬ್ಬರನ್ನೂ ತಗೋಬೇಕು, ಬಿಟ್ರೆ ಇಬ್ಬರನ್ನೂ ಬಿಡಬೇಕು," ಎಂದು ಡ್ವೈಟ್ ಬೆರಳಿಗಂಟಿದ ಡೋನಟ್ಟಿನ ಸಕ್ಕರೆ ಒರೆಸಿಕೊಂಡ. "ಅವಳಿಗಳನ್ನ ಅಗಲಿಸಿದ ಪಾಪ ನಮಗ್ಯಾಕೆ?"

ಎದುರಿನ ಪರದೆಯ ಮೇಲೆ ಟಾಲೆಫ್ಸನ್ ಅಕ್ಕತಂಗಿಯರ ಅರ್ಜಿಗಳು ಅಕ್ಕಪಕ್ಕದಲ್ಲಿದ್ದವು. ಮಿನೆಸೋಟದ ಆ ಚಿಕ್ಕ ವಿಶ್ವವಿದ್ಯಾಲಯದ ಪ್ರವೇಶ ಸಮಿತಿ ಮೊದಲ ವರ್ಷದ ಅರ್ಜಿಗಳನ್ನು ತೂಗುತ್ತ ಕೂತು ವಾರ ಕಳೆದಿತ್ತು. ಅಕ್ಕ ಸಿಗ್ನೆಗೆ ಶಾಲೆಗೇ ಹೆಚ್ಚಿನ ಅಂಕ. ಪ್ರಬಂಧ ಚೊಕ್ಕವಾಗಿತ್ತು, ಮೇಷ್ಟ್ರುಗಳು ಶಿಫಾರಸಿನಲ್ಲಿ ಬಾಯಿತುಂಬ ಹೊಗಳಿದ್ದರು. ತಂಗಿ ಮಾರೆನ್ ಗಣಿತದಲ್ಲಿ ಮುಗ್ಗರಿಸಿದ್ದಳು. ಉಳಿದದ್ದೂ ಅಷ್ಟಕ್ಕಷ್ಟೆ.

"ಚಿಕ್ಕವಳು ಒಬ್ಬಳೇ ಬಂದಿದ್ರೆ ಎರಡನೇ ಸಲ ನೋಡ್ತಾನೇ ಇರ್ಲಿಲ್ಲ," ಎಂದ ಡ್ವೈಟ್. ಸಮಿತಿಗೆ ಅವನೇ ಮುಖ್ಯಸ್ಥ. "ಅಕ್ಕನ ಜೊತೆ ಅಂದ್ರೆ ಲೆಕ್ಕ ಬೇರೆ. ದೊಡ್ಡವಳಿಗೆ ಎಲ್ಲಿ ಬೇಕಾದ್ರೂ ಸೀಟು ಸಿಗತ್ತೆ. ಜೋಡಿಯಾಗಿ ಕರೆದ್ರೆ ಮಾತ್ರ ನಮ್ಮಲ್ಲಿಗೆ ಬರ್ತಾಳೆ."

ರೊಬರ್ಟಾ ಕೂಡ ಸಮಿತಿಯ ಸದಸ್ಯೆ. ಅವರಿಬ್ಬರ ಸಂದರ್ಶನ ಮಾಡಿದವಳು ಅವಳೇ. ಅವತ್ತು ಹೊರಗಿನ ಬೆಂಚಿನ ಮೇಲಿದ್ದ ಮಾರೆನ್‌ಳನ್ನು, "ಹಿಮದಲ್ಲಿ ಬರೋದು ಕಷ್ಟವಾಯ್ತಾ?" ಎಂದು ಕೇಳಿದ್ದಕ್ಕೆ, "ಇಲ್ಲ ಮೇಡಂ, ಅವಳಿಗೇನೂ ಕಷ್ಟವಾಗ್ಲಿಲ್ಲ," ಎಂದು ಸಿಗ್ನೆ ಉತ್ತರ ಕೊಟ್ಟಿದ್ದಳು. ಒಳಗೆ ಒಬ್ಬಳೇ ಕೂತ ಮಾರೆನ್ ಮೊದಮೊದಲು ಬಾಗಿಲ ಕಡೆಗೇ ನೋಡಿದಳು. ಆಮೇಲೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ತಾನೇ ಗುಡಿಸಲು ಕಟ್ಟಿದ್ದು, ಅದು ಅರ್ಧ ಮುಳುಗಿದ್ದು, ಯಾಕೆ ಮುಳುಗಿತೆಂದು ತಾನು ಕಂಡುಕೊಂಡದ್ದು, ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳತೊಡಗಿದಳು. ನಗು ತಡೆಯಲಾರದೆ ಅವಳ ಕಣ್ಣಲ್ಲಿ ನೀರು ಬಂತು. ಕಳಿಸಿಕೊಡಲು ರೊಬರ್ಟಾ ಬಾಗಿಲು ತೆರೆದಳು. ಹೊರಗೆ ಅಕ್ಕನ ಮುಖ ಕಂಡಿತು. ಮಾರೆನ್‌ಳ ಮಾತು ಅರ್ಧಕ್ಕೇ ನಿಂತಿತು.

ನಂತರ ಒಳಗೆ ಬಂದ ಸಿಗ್ನೆ ಕೋಟನ್ನೂ ಬಿಚ್ಚಲಿಲ್ಲ.

"ಮೇಡಂ, ನನ್ನ ಅರ್ಜಿ ತಿರಸ್ಕರಿಸ್ತೀರಾ? ಅವಳನ್ನ ಮಾತ್ರ ತಗೊಳ್ಳಿ."

"ಅದೇನಮ್ಮ ಹಾಗಂತೀಯ? ಅರ್ಜಿ ಹಾಕಿದವಳು ನೀನೇ ಅಲ್ವಾ?"

"ಅಮ್ಮ ಹಾಕಿಸಿದ್ದು. ಹುಟ್ಟಿದಾಗಿಂದ ನಮ್ಮಿಬ್ಬರದ್ದೂ ಎಲ್ಲಾ ಜೊತೇಲೇ ಆಗ್ಬೇಕು ಅಮ್ಮನಿಗೆ. ಪಶ್ಚಿಮ ಕರಾವಳಿ ಕಡೆ ನನಗೆ ಸೀಟು ಸಿಕ್ಕಾಗಿದೆ, ಇನ್ನೂ ಮನೇಲಿ ಹೇಳಿಲ್ಲ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಮಾರೆನ್ ಬಾಯಿ ತೆಗೆಯೋ ಮುಂಚೆ ನಾನು ಮಾತಾಡ್ಬಿಡ್ತೀನಿ. ಬೇಡ ಅಂದ್ಕೊಂಡ್ರೂ ನಿಲ್ಸೋಕಾಗಲ್ಲ. ನೀವೇ ಬೇಡ ಅಂದ್ಬಿಟ್ರೆ ಮನೇಲಿ ಯಾರೂ ಯಾರನ್ನೂ ದೂರಲ್ಲ. ಇದನ್ನ ಮಾತ್ರ ಯಾರಿಗೂ ಹೇಳ್ಬೇಡಿ," ಎಂದಳು.

ಹೇಳುವುದಿಲ್ಲ ಎಂದು ರೊಬರ್ಟಾ ಮಾತು ಕೊಟ್ಟಿದ್ದಳು.

"ಚಿಕ್ಕವಳನ್ನ ತಗೊಳ್ಳೋಣ," ಎಂದಳು ಈಗ. "ದೊಡ್ಡವಳು ಬೇಡ."

ಡ್ವೈಟ್ ಜೋರಾಗಿ ನಕ್ಕ. "ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ವಾ ತಾಯಿ? ಮುಗ್ಗರಿಸಿದವಳನ್ನ ಕರೆದು, ಗೆದ್ದವಳನ್ನ ಬಿಡೋದಾ? ಕಾರಣ ಏನಂತ ಬರೀಲಿ?"

"ಸಿಗ್ನೆಗೆ ಇಲ್ಲಿಗೆ ಬರೋ ಮನಸ್ಸಿಲ್ಲ."

"ಅವಳೇ ಹೇಳಿದ್ಲಾ?"

"ನನಗೆ ಹಾಗನ್ನಿಸ್ತು."

"ಅನ್ನಿಸೋದಕ್ಕೆಲ್ಲ ಇಲ್ಲಿ ಅಂಕ ಇಲ್ಲಮ್ಮ," ಎಂದು ಡ್ವೈಟ್ ಕೈ ಎತ್ತಿದ. ಮಿಕ್ಕ ಇಬ್ಬರು ಸದಸ್ಯರೂ ಎತ್ತಿದರು. ತಾನು ಹಟ ಹಿಡಿದರೆ ಮಾರೆನ್‌ಳ ಸೀಟೂ ಹೋಗುತ್ತದೆಂದು ರೊಬರ್ಟಾಗೆ ಗೊತ್ತಿತ್ತು. ಅವಳ ಕೈಯೂ ಮೇಲೆದ್ದಿತು.

ಆಯ್ಕೆಯಾದವರಿಗೆ ಸಂದರ್ಶನ ಮಾಡಿದವರೇ ಫೋನ್ ಮಾಡಿ ತಿಳಿಸುವುದು ಅಲ್ಲಿನ ಪದ್ಧತಿ. ಟಾಲೆಫ್ಸನ್ ಮನೆಯಲ್ಲಿ ತಾಯಿ ಫೋನೆತ್ತಿದಳು. ಸುದ್ದಿ ಕೇಳಿದ್ದೇ, "ಇಬ್ಬರಿಗೂ ಆಯ್ತು ಕಣ್ರೇ! ಇಬ್ಬರಿಗೂ!" ಎಂದು ಆಕೆ ಕಿರುಚಿದ ರಭಸಕ್ಕೆ ಮನೆಯ ನಾಯಿ ಬೊಗಳತೊಡಗಿತು.

"ಮಾರೆನ್, ನೀನೇ ಮಾತಾಡು, ತಗೋ."

"ಅವಳಿಗೆ ತುಂಬ ಖುಷಿಯಾಗಿದೆ ಮೇಡಂ," ಎಂದಿತು ಸಿಗ್ನೆಯ ದನಿ.

ಆಮೇಲೆ ಹೆಜ್ಜೆಯ ಸಪ್ಪಳ, ಬಾಗಿಲು ಮುಚ್ಚಿದ ಸದ್ದು. ಗಲಾಟೆ ಹಿಂದೆ ಉಳಿದು, ಫೋನಿನ ತುಂಬ ಗಾಳಿ ಬೀಸುವುದು ಕೇಳಿಸಿತು.

"ನೋಡಿದ್ರಾ, ಈಗಲೂ ನಾನೇ ಮಾತಾಡಿದ್ದು," ಎಂದಳು ಸಿಗ್ನೆ. "ಇಬ್ಬರಿಗೂ ಒಂದೇ ಥರ ಹಾಸಿಗೆ ಹೊದಿಕೆ ತರೋಣ ಅಂತಿದ್ದಾಳೆ ಅಮ್ಮ, ಆಗಲೇ."

"ನನ್ನ ಕೈಲಾದಷ್ಟು ನೋಡಿದೆ ಕಣಮ್ಮ."

"ಗೊತ್ತು ಮೇಡಂ. ಇನ್ನು ನಾನೇ ಬೇಡ ಅನ್ಬೇಕು." ಹಿಮದ ಮೇಲೆ ಅವಳ ಹೆಜ್ಜೆ ಸದ್ದು ಕೇಳಿಸಿತು. "ಪ್ರತಿ ವರ್ಷ ಎಷ್ಟೊಂದು ಜನಕ್ಕೆ ಇಲ್ಲ ಅಂತೀರಲ್ಲ ನೀವು. ನೋವಾಗದ ಹಾಗೆ ಹೇಗೆ ಹೇಳ್ತೀರಿ? ನನಗೂ ಸ್ವಲ್ಪ ಹೇಳ್ಕೊಡಿ."



"ನನಗೆ ಗೊತ್ತಿಲ್ಲ ಮಗಾ," ಎಂದಳು ರೊಬರ್ಟಾ. "ನಾವು ಅದನ್ನ ಅಂಚೇಲಿ ಕಳಿಸಿಬಿಡ್ತೀವಿ."