ಗೋವಾಕ್ಕೆ ಪರವಾನಗಿ

ಗಟ್ಟಿಯಾಗಿರುವವರನ್ನು ಸಾಯುತ್ತಿದ್ದಾರೆ ಎಂದು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಟ್ಟೀತೇ? ಧಾರವಾಡದ ಕಚೇರಿಯಲ್ಲಿ ಸಾಹೇಬರ ಮೇಜಿನ ಮುಂದೆ ಕುಳಿತ ಕುಮುದಿನಿಗೆ ಅದೊಂದೇ ಅಳುಕು. ಪೋರ್ಚುಗೀಜರ ಗೋವಾಕ್ಕೆ ಗಡಿ ಮುಚ್ಚಿ ಐದು ವರ್ಷವಾಗಿತ್ತು. ಭಾರೀ ಕಾಯಿಲೆಯಂಥ ಕಾರಣವಿದ್ದರಷ್ಟೇ ಪರವಾನಗಿ. ಅದಕ್ಕೇ ಗಂಡ ದತ್ತಾರಾಮ, ಮಡಗಾಂವದಲ್ಲಿರುವ ತನ್ನ ತಾಯಿ ಸಾಯುವ ಸ್ಥಿತಿಯಲ್ಲಿದ್ದಾಳೆಂದು ಅರ್ಜಿ ಬರೆದಿದ್ದ. "ನೀ ಬರೇ ಅಳುಮಾರಿ ಮಾಡಿಕೊಂಡು ಕೂಡು, ಮಾತು ನನಗ ಬಿಡು," ಎಂದೂ ಹೇಳಿದ್ದ.

ಸಾಹೇಬರು ಅರ್ಜಿ ಓದಿ ಕನ್ನಡಕ ತೆಗೆದರು. "ನಮ್ಮವ್ವನೂ ಹೋದ ತಿಂಗಳ ಹಿಂಗ ಹಾಸಿಗಿ ಹಿಡದು ತೀರಿಕೊಂಡ್ಳು," ಎನ್ನುತ್ತ ಸಹಿಗೆ ಪೆನ್ನು ಎತ್ತಿದರು. ಆಮೇಲೆ ಅವಳತ್ತ ನೋಡಿ, "ನಿಮ್ಮತ್ತಿಯವರಿಗೆ ಏನಾಗೇದವಾ, ತಂಗಿ?" ಎಂದರು.

ಮೇಜಿನ ಕೆಳಗೆ ದತ್ತಾರಾಮ ಅವಳ ಕಾಲು ತುಳಿದ.

"ಏನೂ ಆಗಿಲ್ಲರಿ," ಎಂದಳು ಕುಮುದಿನಿ. "ಆರಾಮ ಇದ್ದಾರ. ಮದುವ್ಯಾಗಿ ಮೂರು ವರ್ಷಾತು, ನಾ ಇನ್ನೂ ಅವರ ಮಾರಿ ನೋಡಿಲ್ಲರಿ."